ಡ್ವೇನ್ ತಾತನ ಅಂಗಳದಲ್ಲಿ ನೆಟ್ಟ ಬೋರ್ಡು

ನನ್ನ ಅಕ್ಷರ ಚೆನ್ನಾಗಿಲ್ಲ, ಓದುವವರು ಕ್ಷಮಿಸಬೇಕು. ಹನ್ನೊಂದನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟವಳಾದ್ದರಿಂದ ಒಳ್ಳೆಯ ಮಾತುಗಳೂ ನನ್ನಲ್ಲಿ ಹೆಚ್ಚಿಲ್ಲ. ಊರಿನ ಯಾರಾದರೊಬ್ಬರ ಬಗ್ಗೆ ಬರೆದುಕೊಡಿ ಎಂದು ನಮ್ಮ ಲೈಬ್ರರಿಯವರು ಕೇಳಿದ್ದಾರೆ. ಬೇರೆಯವರು ಹಳೆಯ ಮೇಯರ್ ಬಗ್ಗೆಯೋ ಪಾದ್ರಿಯ ಬಗ್ಗೆಯೋ ಬರೆಯಬಹುದು. ನನಗೆ ಹತ್ತಿರದಿಂದ ಗೊತ್ತಿರುವುದು ಡ್ವೇನ್ ತಾತ ಒಬ್ಬರೇ. ತಪ್ಪು ಬರೆಯಬಾರದೆಂದು ಒಂದೊಂದು ವಾಕ್ಯವನ್ನೂ ಮತ್ತೆ ಓದಿಕೊಂಡು ಮುಂದಕ್ಕೆ ಹೋಗುತ್ತಿದ್ದೇನೆ.

ಡ್ವೇನ್ ರಾಡೆಮೇಕರ್ ನನ್ನ ಅಜ್ಜಿಯ ತಂಗಿ ಓಪಲ್ ಅವರ ಗಂಡ. ಶಾಲೆ ಬಿಟ್ಟ ಮೇಲೆ ನಾನು ಇವರಿಬ್ಬರ ಮನೆಯಲ್ಲೇ ಇದ್ದೇನೆ. ಜನರ ಮನೆಗಳ ನೆಲಮಾಳಿಗೆಗೆ ಇಳಿದು, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ರಿಪೇರಿ ಮಾಡುವುದು ತಾತನ ಕೆಲಸವಾಗಿತ್ತು. ಮೊಣಕಾಲೂರಿ ಕೆಲಸ ಮಾಡಿ ಮಾಡಿ ಎಡಗಾಲು ಈಗ ಸರಿಯಾಗಿ ಮಡಚುವುದಿಲ್ಲ. ಆದರೂ ಶರತ್ಕಾಲದ ಶನಿವಾರಗಳಲ್ಲಿ ಫುಟ್‌ಬಾಲ್ ಪಂದ್ಯ ನೋಡಲು ಹ್ಯಾಸ್ಕಿನ್ಸ್ ಕಾಲೇಜಿನ ಮೈದಾನಕ್ಕೆ ಹೋಗಿ, ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಮೇಲಿನ ಸಾಲಿನ ತಮ್ಮ ಜಾಗದಲ್ಲಿ ಕುಳಿತುಕೊಳ್ಳುತ್ತಾರೆ. ಫ್ಲಾಸ್ಕಿನಲ್ಲಿ ಕಾಫಿ, ಜೇಬಿನಲ್ಲಿ ಉಪ್ಪು ಹಾಕಿ ಹುರಿದ ಕಡಲೆಕಾಯಿ. ಅವರ ಪಕ್ಕದ ಜಾಗ ಓಪಲ್ ಅಜ್ಜಿಯದು. ಎರಡು ವರ್ಷದಿಂದ ಅದು ಖಾಲಿ. ಅಜ್ಜಿಗೂ ಮೊಣಕಾಲು ನೋವು ಎಂದು ತಾತ ಎಲ್ಲರಿಗೂ ಹೇಳುತ್ತಿದ್ದರು.

ನಮ್ಮ ಕಾಲೇಜಿನ ತಂಡದ ಹೆಸರು ಕೊಕ್ಕರೆಗಳು. ಈ ವರ್ಷ ಕೊಕ್ಕರೆಗಳು ಗೆದ್ದದ್ದು ಒಂದೇ ಪಂದ್ಯ, ಅದೂ ಎದುರಾಳಿ ತಂಡದ ಅರ್ಧ ಹುಡುಗರಿಗೆ ಹೊಟ್ಟೆ ಕೆಟ್ಟಿದ್ದ ದಿನ. ತಂಡ ಏಕೆ ಸೋಲುತ್ತಿದೆ ಎನ್ನುವುದಕ್ಕೆ ತಾತನ ಬಳಿ ಖಚಿತವಾದ ಉತ್ತರವಿದೆ. ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಚೆಂಡು ಕೈಗೆ ಬಂದ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಆಗದಿದ್ದರೆ ಚೆಂಡು ಎದುರಾಳಿಗೆ. ನಮ್ಮ ಕೋಚ್ ಮೊದಲನೆಯ ಯತ್ನದಲ್ಲಿ ಚೆಂಡು ಹಿಡಿದ ಹುಡುಗನನ್ನು ನಟ್ಟನಡುವೆ, ಅಲ್ಲಿ ನಿಂತ ಎದುರಾಳಿಯ ದಢೂತಿ ಹುಡುಗರ ಮೇಲೆಯೇ ನುಗ್ಗಿಸುತ್ತಾರೆ. ಎರಡನೆಯದರಲ್ಲೂ ಅದನ್ನೇ ಮಾಡಿಸುತ್ತಾರೆ. ಮೂರನೆಯದರಲ್ಲಿ ಚೆಂಡನ್ನು ಪಕ್ಕಕ್ಕೆ ಎಸೆಸುತ್ತಾರೆ. ನಾಲ್ಕನೆಯ ಯತ್ನಕ್ಕೆ ಒಂದೇ ಗಜ ಉಳಿದಿದ್ದರೂ ನುಗ್ಗಿಸುವುದಿಲ್ಲ. ಚೆಂಡನ್ನು ದೂರಕ್ಕೆ ಒದೆಸಿ ಎದುರಾಳಿಗೆ ಒಪ್ಪಿಸಿಬಿಡುತ್ತಾರೆ.

"ಒಂದು ಗಜ ಅಂದ್ರೆ ಎಷ್ಟು?" ಎಂದು ತಾತ ಎರಡೂ ಕೈ ಅಗಲಿಸಿ ತೋರಿಸುತ್ತಾರೆ. "ಇಷ್ಟು. ಮನುಷ್ಯ ಎಡವಿ ಬಿದ್ರೂ ಇದಕ್ಕಿಂತ ಮುಂದೆ ಬೀಳ್ತಾನೆ. ಇಷ್ಟಕ್ಕೆ ಹೆದರಿ ಚೆಂಡು ಕೊಟ್ಬಿಟ್ರೆ ಹುಡುಗರಿಗೆ ಏನು ಹೇಳ್ದಂಗಾಯ್ತು? ನಿಮ್ ಕೈಲಾಗಲ್ಲ ಅಂತ ತಾನೆ?"

ಸೋಮವಾರ ಸಂಜೆ ಕೋಚ್ ಪ್ರೂಯಿಟ್ ಪೇಟೆಯ ಪಿಜ್ಜಾ ಅಂಗಡಿಯಲ್ಲಿ ಮೈಕಿನ ಮುಂದೆ ಕುಳಿತು ಅಭಿಮಾನಿಗಳಿಗೆ ಉತ್ತರ ಕೊಡುತ್ತಾರೆ. ಅದು ರೇಡಿಯೊದಲ್ಲಿ ಬರುತ್ತದೆ. ತಾತ ಅಡುಗೆಮನೆಯಿಂದ ಫೋನ್ ಮಾಡುತ್ತಾರೆ. "ಮಿಲ್ ರಸ್ತೆಯ ಡ್ವೇನ್ ಲೈನಲ್ಲಿದ್ದಾರೆ," ಎಂದು ರೇಡಿಯೊದ ಲೆನ್ನಿ ಹೇಳುತ್ತಿದ್ದಂತೆ ಅಂಗಡಿಯಲ್ಲಿ ಕುಳಿತವರು ನಗುವುದು ನಮಗೂ ಕೇಳಿಸುತ್ತದೆ. ತಾತ ನಾಲ್ಕನೆಯ ಯತ್ನದ ಮಾತೆತ್ತುತ್ತಾರೆ. "ಒಳ್ಳೇ ಪ್ರಶ್ನೆ, ಡ್ವೇನ್ ಅವ್ರೆ. ಅದರ ಬಗ್ಗೆ ಯೋಚನೆ ಮಾಡ್ತಿದ್ದೀವಿ," ಎಂದು ಕೋಚ್ ಹೇಳುತ್ತಾರೆ.

ಕೋಚ್ ಪ್ರೂಯಿಟ್ ಇರುವುದು ನಮ್ಮ ಪಕ್ಕದ ಮನೆಯಲ್ಲೇ, ಬಾಡಿಗೆಗೆ. ಎರಡೂ ಬಿಳಿ ಮನೆಗಳು, ನಡುವೆ ಕಾರು ನಿಲ್ಲಿಸುವ ದಾರಿ ಒಂದೇ. ಅಂಚೆಡಬ್ಬಿಗಳೆರಡೂ ನಮ್ಮ ಅಂಗಳದ ಅಂಚಿನಲ್ಲಿ ಒಂದೇ ಕಂಬದ ಮೇಲಿವೆ. ಮಂಗಳವಾರ ಬೆಳಗ್ಗೆ ಕಸದ ಡಬ್ಬ ಹೊರಗಿಡುವಾಗ ತಾತ ಮತ್ತು ಕೋಚ್ ಎದುರಾಗುತ್ತಾರೆ. ಎಲೆ ಬಹಳ ಉದುರಿದೆ ಎಂದು ಒಬ್ಬರು, ಹೌದು ಬಹಳ ಉದುರಿದೆ ಎಂದು ಇನ್ನೊಬ್ಬರು. ಹಿಂದಿನ ಸಂಜೆಯ ಮಾತು ಇಬ್ಬರ ಬಾಯಲ್ಲೂ ಬರುವುದಿಲ್ಲ. ಬೈಯುವುದಾದರೆ ರೇಡಿಯೊದಲ್ಲಿ, ಬೇಲಿಯ ಹತ್ತಿರ ಅಲ್ಲ ಎನ್ನುವುದು ತಾತನ ನಿಯಮ.

ಕೋಚ್ ಸೋಲುತ್ತಾ ಹೋದರೆ ಅವರ ಅಂಗಳದಲ್ಲಿ ರಾತ್ರೋರಾತ್ರಿ "ಮನೆ ಮಾರಾಟಕ್ಕಿದೆ" ಎಂಬ ಬೋರ್ಡು ನೆಡುವುದು ನಮ್ಮ ಕಡೆಯ ರೂಢಿ. ಗಂಟುಮೂಟೆ ಕಟ್ಟಿ ಊರು ಬಿಡಿ ಎಂದು ಅದರ ಅರ್ಥ. ನೆಟ್ಟವರು ಯಾರೆಂದು ಯಾರೂ ಕೇಳುವುದಿಲ್ಲ. ಅಕ್ಟೋಬರಿನಲ್ಲಿ ಕೊಕ್ಕರೆಗಳು ತಮ್ಮ ಮೈದಾನದಲ್ಲೇ ಹೀನಾಯವಾಗಿ ಸೋತ ಮರುದಿನ, ಭಾನುವಾರ ಬೆಳಗ್ಗೆ, ಅಂಥ ಬೋರ್ಡು ಬಂತು. ಕತ್ತಲಲ್ಲಿ ಅಂಚೆಡಬ್ಬಿಯ ಮೇಲೆ ಕೋಚ್ ಹೆಸರು ಓದಿದವರು ಅದನ್ನು ನಮ್ಮ ಅಂಗಳದಲ್ಲಿ ನೆಟ್ಟು ಹೋಗಿದ್ದರು.

ಅದನ್ನು ಮೊದಲು ನೋಡಿದ್ದು ಓಪಲ್ ಅಜ್ಜಿ. ನಾನು ಕೆಳಗಿಳಿದು ಬಂದಾಗ ಅಡುಗೆಮನೆಯ ಕಪಾಟು ತೆರೆದು, ತಟ್ಟೆಗಳನ್ನು ಒಂದೊಂದಾಗಿ ಪತ್ರಿಕೆಯ ಹಾಳೆಯಲ್ಲಿ ಸುತ್ತುತ್ತಿದ್ದರು.

"ಅಜ್ಜಿ, ಏನ್ ಮಾಡ್ತಿದ್ದೀರಿ?"

"ನಿಮ್ ತಾತ ಮನೆ ಮಾರ್ಬಿಟ್ರಲ್ಲ, ನಂಗೊಂದು ಮಾತೂ ಹೇಳ್ಲಿಲ್ಲ," ಎಂದರು. ಕೋಪವಿರಲಿಲ್ಲ. "ನಾವು ಎಲ್ಲಿಗೆ ಹೋಗೋದು, ಲಿಂಡಿ? ನನ್ನನ್ನ ಬೇರೆ ಕಡೆ ಬಿಟ್ಟು ಅವ್ರೊಬ್ರೇ ಹೋಗ್ತಾರಾ?"

ಅಜ್ಜಿಯ ತೊಂದರೆ ಮೊಣಕಾಲಿನದಲ್ಲ, ನೆನಪಿನದು. ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಆದರೆ ಈ ಮನೆಯೊಳಗೆ ಅವರು ಒಮ್ಮೆಯೂ ದಾರಿ ತಪ್ಪಿಲ್ಲ. ಯಾವ ದೀಪದ ಸ್ವಿಚ್ ಎಲ್ಲಿದೆ, ಯಾವ ಮೆಟ್ಟಿಲು ಸದ್ದು ಮಾಡುತ್ತದೆ ಎನ್ನುವುದೆಲ್ಲ ಅವರ ಕೈಕಾಲಿಗೆ ಗೊತ್ತು. ಮನೆ ತನ್ನದು ಎಂಬ ಧೈರ್ಯ ಇರುವವರೆಗೆ ಅವರನ್ನು ಇಲ್ಲೇ ಇಟ್ಟುಕೊಳ್ಳಬಹುದು, ಅದು ಹೋದರೆ ಕಷ್ಟ ಎಂದು ಡಾಕ್ಟರು ತಾತನಿಗೆ ಹೇಳಿದ್ದರು.

ತಾತ ಮನೆಯೊಳಗಿನ ಚಪ್ಪಲಿಯಲ್ಲೇ ಹೊರಗೆ ಹೋಗಿ ಬೋರ್ಡು ಕಿತ್ತು ನೆಲಮಾಳಿಗೆಗೆ ಹಾಕಿದರು. ಒಳಗೆ ಬಂದು ಅಜ್ಜಿಯ ಪಕ್ಕ ಕುಳಿತು ತಟ್ಟೆಗಳನ್ನು ಬಿಚ್ಚತೊಡಗಿದರು. "ಯಾರೋ ತಮಾಷೆಗೆ ನೆಟ್ಟಿದ್ದು, ಓಪಲ್. ಮನೆ ನಮ್ದೇ. ಎಲ್ಲಿಗೂ ಹೋಗ್ತಿಲ್ಲ," ಎಂದು ಆ ದಿನವೆಲ್ಲ ಹೇಳಿದರು. ಅಜ್ಜಿ ಪ್ರತಿ ಸಲವೂ ಸರಿ ಎನ್ನುತ್ತಿದ್ದರು, ಸ್ವಲ್ಪ ಹೊತ್ತಿಗೆ ಮತ್ತೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ತಾವು ಹೇಳಿದ ಸಮಾಧಾನ ಅವರಿಗೆ ಮರೆತುಹೋಗುತ್ತದೆ, ಬೋರ್ಡು ಮಾತ್ರ ಮರೆಯುತ್ತಿಲ್ಲವಲ್ಲ ಎಂದು ತಾತ ನನ್ನ ಹತ್ತಿರ ಹೇಳಿದರು.

ಮುಂದಿನ ಶನಿವಾರ ಪರವೂರಿನಲ್ಲಿ ಸೋಲು. ಭಾನುವಾರ ನಮ್ಮ ಅಂಗಳದಲ್ಲಿ ಎರಡು ಬೋರ್ಡು. ತಾತ ಏಳುವುದು ತಡವಾಗಿತ್ತು. ಅಜ್ಜಿ ಕೋಟು ಹಾಕಿಕೊಂಡು, ಚೀಲದಲ್ಲಿ ಎರಡು ತಟ್ಟೆ ಮತ್ತು ಮದುವೆಯ ಫೋಟೊ ಇಟ್ಟುಕೊಂಡು, ಪಕ್ಕದ ಮನೆಯ ಬಾಗಿಲು ತಟ್ಟಿ, ಹೋಗಿ ಬರುತ್ತೇವೆ ಎಂದು ಹೇಳಿದ್ದರು. ಕೋಚ್ ಹೆಂಡತಿ ಶೆರಿಸ್, ಅಜ್ಜಿಯ ಕೈ ಹಿಡಿದುಕೊಂಡು ಮನೆಗೆ ಕರೆತಂದರು. ಹಿಂದೆಯೇ ಕೋಚ್ ಬಂದರು. ನಮ್ಮ ಅಂಗಳದ ಬೋರ್ಡುಗಳನ್ನು ನೋಡುತ್ತಾ ನಿಂತರು.

"ಡ್ವೇನ್ ಅವ್ರೆ, ಇವು ನಮಗೆ ಬಂದಿರೋದು," ಎಂದರು ಶೆರಿಸ್.

"ಗೊತ್ತಮ್ಮ."

"ನಮ್ಮ ಕಡೆ ಬಾಣ ಹಾಕಿ, ಕೋಚ್ ಮನೆ ಇದು ಅಂತ ನಾನೇ ಒಂದು ಬೋರ್ಡ್ ಇಡ್ತೀನಿ," ಎಂದರು ಕೋಚ್. ತಮಾಷೆಯಂತೆ ಹೇಳಿದರು, ಆದರೆ ನಗಲಿಲ್ಲ.

"ಬೇಡ. ನಿಮ್ ಮನೇಲಿ ಚಿಕ್ಕ ಮಗು ಇದೆ. ಅವಳಿಗೂ ಓದೋಕೆ ಬರುತ್ತೆ," ಎಂದು ತಾತ ಹೇಳಿ ಬೋರ್ಡು ಕೀಳಲು ಹೋದರು. ಬಗ್ಗಲಾಗಲಿಲ್ಲ. ಕೋಚ್ ಒಂದನ್ನು ಕಿತ್ತರು, ನಾನು ಒಂದನ್ನು ಕಿತ್ತೆ.

ಮರುದಿನ ಸಂಜೆ ತಾತ ಫೋನ್ ಮಾಡಲಿಲ್ಲ, ಪಿಜ್ಜಾ ಅಂಗಡಿಗೇ ಹೊರಟರು. ಮನೆಯಲ್ಲಿ ಅಜ್ಜಿಯ ಜೊತೆ ಶೆರಿಸ್ ಕುಳಿತರು. ನಾನು ಕಾರು ಓಡಿಸಿದೆ. ಜನ ತುಂಬಿದ ಕಡೆ ನನಗೆ ಉಸಿರು ಕಟ್ಟಿದಂತಾಗುತ್ತದೆ, ಆದ್ದರಿಂದ ಬಾಗಿಲ ಹತ್ತಿರವೇ ನಿಂತೆ. ತಾತನನ್ನು ನೋಡಿ ಎಲ್ಲರೂ ಮೇಜು ಬಡಿದರು. ಹಾರ್ಡ್‌ವೇರ್ ಅಂಗಡಿಯ ಬಡ್ ಹೆಲ್ಮಿಕ್, ಮೈದಾನದಲ್ಲಿ ತಾತನ ಮುಂದಿನ ಸಾಲಿನವರು, ಕುರ್ಚಿ ಎಳೆದುಕೊಟ್ಟರು.

"ಬಾರಯ್ಯ, ಇವತ್ತು ಎದುರಿಗೇ ಸಿಕ್ಕಿದ್ದಾರೆ. ಬಿಡಬೇಡ!"

ತಾತ ಮೈಕ್ ಹಿಡಿದು ಮೊದಲು ತಮ್ಮ ಲೆಕ್ಕಾಚಾರವನ್ನೇ ಹೇಳಿದರು. ನಡುವೆ ನುಗ್ಗಿಸುವುದು ತಪ್ಪು, ನಾಲ್ಕನೆಯ ಯತ್ನದಲ್ಲಿ ಒದೆಸುವುದು ದೊಡ್ಡ ತಪ್ಪು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ತಾತ, "ಇನ್ನೊಂದು ಮಾತು. ಆ ಬೋರ್ಡ್ ನೆಡೋದು ನಿಲ್ಸಿ," ಎಂದರು.

"ಏನಯ್ಯಾ, ಕೋಚ್ ಮನೆಯಿಂದ ಲಂಚಕ್ಕೆ ಆಪಲ್ ಪೈ ಬಂತಾ?" ಎಂದರು ಬಡ್. ಎಲ್ಲರೂ ನಕ್ಕರು.

"ನೀವು ನೆಡ್ತಿರೋದು ನನ್ನ ಅಂಗಳದಲ್ಲಿ, ಬಡ್."

ನಗು ಇನ್ನೂ ಜೋರಾಯಿತು. ಲೆನ್ನಿ ಕಣ್ಣೊರೆಸಿಕೊಂಡರು. "ನಮ್ ತಂಡ ತಾನೆ ಯಾವತ್ತು ಸರಿಯಾದ ಜಾಗಕ್ಕೆ ಚೆಂಡು ಎಸೆದಿದೆ? ಅಭಿಮಾನಿಗಳೂ ಹಂಗೇ!" ಎಂದು ಹಿಂದಿನಿಂದ ಒಬ್ಬರು ಕೂಗಿದರು.

ನಗು ಮುಗಿಯುವವರೆಗೆ ತಾತ ಕಾದರು. "ಓಪಲ್‌ಗೆ ಮೊಣಕಾಲು ನೋವಲ್ಲ. ನಾನು ನಿಮಗೆಲ್ಲ ಸುಳ್ಳು ಹೇಳಿದ್ದೆ. ಅವಳಿಗೆ ನೆನಪು ಹೋಗ್ತಿದೆ. ಆ ಬೋರ್ಡ್ ನೋಡಿದ್ರೆ ನಾನು ಮನೆ ಮಾರಿ ಅವಳನ್ನ ಎಲ್ಲೋ ಬಿಡ್ತೀನಿ ಅನ್ಕೋತಾಳೆ. ತಟ್ಟೆ ಕಟ್ಟೋಕೆ ಶುರು ಮಾಡ್ತಾಳೆ. ಅಷ್ಟೇ," ಎಂದರು.

ಒಲೆಯಲ್ಲಿ ಪಿಜ್ಜಾ ತಿರುಗಿಸುವವನೂ ಕೈ ನಿಲ್ಲಿಸಿದ. ಬಡ್ ತಮ್ಮ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಲೆನ್ನಿ ಜಾಹೀರಾತು ಹಾಕಿದರು.

ನಾವು ಕಾರಿನ ಹತ್ತಿರ ಬಂದಾಗ ಕೋಚ್ ಹಿಂದೆಯೇ ಬಂದರು. "ಡ್ವೇನ್ ಅವ್ರೆ, ನಾಲ್ಕನೇ ಯತ್ನದ ವಿಷಯ. ನಮ್ ತಂಡದ ಮುಂದಿನ ಸಾಲಿನ ಹುಡುಗರಿಗೆ ಎದುರಾಳಿಗಳನ್ನ ತಳ್ಳಿ ದಾರಿ ಮಾಡೋ ಶಕ್ತಿ ಇಲ್ಲ. ಅಭ್ಯಾಸದಲ್ಲಿ ದಿನಾ ನೋಡ್ತೀನಿ. ಅದನ್ನ ರೇಡಿಯೊದಲ್ಲಿ ಹೇಳಿದ್ರೆ ಆ ಮಕ್ಕಳು ತಲೆ ಎತ್ತಿ ಕ್ಲಾಸಿಗೆ ಹೋಗೋದು ಹೇಗೆ? ಅದಕ್ಕೇ ಯೋಚನೆ ಮಾಡ್ತಿದ್ದೀವಿ ಅಂತೀನಿ."

"ಇದು ನಂಗೆ ಹೊಳೀಲಿಲ್ಲ," ಎಂದರು ತಾತ. ಕಾರಿನ ಬಾಗಿಲು ತೆಗೆದ ಮೇಲೆ, "ಆದ್ರೂ ಒದೆಸ್ಬಾರ್ದು," ಎಂದರು.

"ಒಳ್ಳೇ ಪ್ರಶ್ನೆ, ಡ್ವೇನ್ ಅವ್ರೆ," ಎಂದರು ಕೋಚ್. ಇಬ್ಬರೂ ಸ್ವಲ್ಪ ನಕ್ಕರು.

ಆ ವಾರವೆಲ್ಲ ನಮ್ಮ ಮನೆಗೆ ಊಟ ಬರತೊಡಗಿತು. ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ, ನೂಡಲ್ಸು, ಕೋಳಿ. ತಂದವರು ಅಜ್ಜಿಯ ಮುಂದೆ ಬಗ್ಗಿ, ಕಿವುಡರ ಹತ್ತಿರ ಮಾತಾಡುವಂತೆ ಗಟ್ಟಿಯಾಗಿ, ನಿಧಾನವಾಗಿ, "ನಾನ್ಯಾರು ಗೊತ್ತಾಯ್ತಾ ಓಪಲ್?" ಎಂದು ಕೇಳುತ್ತಿದ್ದರು. ತಾತ ಎರಡು ವರ್ಷ ಮೊಣಕಾಲಿನ ಸುಳ್ಳು ಹೇಳಿದ್ದು ಇದನ್ನು ತಡೆಯಲಿಕ್ಕೆ ಎಂದು ನನಗೆ ಆಗ ತಿಳಿಯಿತು. ಪ್ರತಿಯೊಬ್ಬರನ್ನೂ ಬಾಗಿಲವರೆಗೆ ಬಿಟ್ಟು ಬಂದು ಅವರು ಗೋಡೆಗೆ ಕೈ ಊರಿ ನಿಲ್ಲುತ್ತಿದ್ದರು.

"ಎಲ್ರೂ ಯಾಕೆ ಊಟ ತರ್ತಿದ್ದಾರೆ? ಯಾರು ತೀರ್ಕೊಂಡ್ರು?" ಎಂದು ಅಜ್ಜಿ ಕೇಳಿದರು.

"ಕೊಕ್ಕರೆಗಳು," ಎಂದರು ತಾತ.

"ಅದು ಹೊಸ ಸುದ್ದಿ ಏನಲ್ಲ ಬಿಡಿ," ಎಂದರು ಅಜ್ಜಿ. ಆ ಒಂದು ಗಳಿಗೆ ಅವರು ಮೊದಲಿನಂತೆಯೇ ಇದ್ದರು.

ಶನಿವಾರ ತಾತ ಮೈದಾನಕ್ಕೆ ಹೋಗಲಿಲ್ಲ, ರೇಡಿಯೊ ಕೇಳಿದರು. ಕೊನೆಯ ಹೊತ್ತಿಗೆ ನಾಲ್ಕನೆಯ ಯತ್ನ, ಉಳಿದದ್ದು ಒಂದು ಗಜ. ಕೋಚ್ ಒದೆಸಿದರು. ಸೋತೆವು. ತಾತ ರೇಡಿಯೊ ಆರಿಸಿದರು.

ಮರುದಿನ ನಮ್ಮ ಅಂಗಳದಲ್ಲಿ ಏನೂ ಇರಲಿಲ್ಲ. ಪಕ್ಕದ ಅಂಗಳದಲ್ಲಿ ಇತ್ತು. ತಾತ ಬೋರ್ಡು ಎಲ್ಲಿಗೆ ಬರುತ್ತಿದೆಯೆಂದು ಊರಿಗೆಲ್ಲ ಹೇಳಿದ್ದರಿಂದ ಈಗ ಯಾವ ಮನೆ ಯಾರದೆಂದು ಎಲ್ಲರಿಗೂ ಗೊತ್ತಾಗಿತ್ತು. ನಮ್ಮ ಅಡುಗೆಮನೆಯ ಕಿಟಕಿಯಿಂದ ಅದೂ ಕಾಣುತ್ತದೆ. ಅಜ್ಜಿ ಅದನ್ನು ನೋಡಿ, "ಪಾಪ, ಆ ಹುಡುಗಿ ಮನೆಯವ್ರು ಹೋಗ್ತಿದ್ದಾರಾ? ಮತ್ತೆ ನಾವು?" ಎಂದರು.

ತಾತ ಹಿಮ ಕಟ್ಟಿದ ಹುಲ್ಲಿನ ಮೇಲೆ ಕಾಲೆಳೆಯುತ್ತಾ ಹೋಗಿ ಅದನ್ನು ಕಿತ್ತರು. ಮರಳುವಾಗ ಜಾರಿ ಅಂಚೆಡಬ್ಬಿಯ ಕಂಬ ಹಿಡಿದುಕೊಂಡು ನಿಂತರು. ನಾನು ಓಡಿಹೋಗಿ ತೋಳು ಹಿಡಿದೆ. "ನಾನು ಜನರಿಗೆ ಬೋರ್ಡ್ ನಿಲ್ಸಿ ಅಂದೆ. ಜಾಗ ಬದಲಾಯಿಸಿ ಅಂತ ಕೇಳಿಸ್ಕೊಂಡ್ರು," ಎಂದರು. ಏದುಸಿರು ಬಿಡುತ್ತಿದ್ದರು.

ಇನ್ನೊಂದು ಪಂದ್ಯ ಉಳಿದಿದೆ. ಎದುರಾಳಿಗಳು ಈ ವರ್ಷ ಒಂದೂ ಸೋತಿಲ್ಲ. ನಾವು ಗೆಲ್ಲುತ್ತೇವೆ ಎಂದು ತಾತನೂ ಹೇಳುತ್ತಿಲ್ಲ. ಪಂದ್ಯದ ಮರುದಿನ, ಭಾನುವಾರ, ನಾನು ಅವರಿಬ್ಬರಿಗಿಂತ ಮೊದಲು ಏಳುತ್ತೇನೆ. ಎರಡೂ ಅಂಗಳ ನೋಡಿ, ಬೋರ್ಡು ಇದ್ದರೆ ಕಿತ್ತು ನೆಲಮಾಳಿಗೆಗೆ ಹಾಕುತ್ತೇನೆ. ಆಮೇಲೆ ಒಳಗೆ ಬಂದು ಕಾಫಿಗೆ ನೀರಿಡುತ್ತೇನೆ.