ಮ್ಯೂಟ್ ಮಾಡಲು ಮರೆತ ಶನಿವಾರ

ಇತ್ತೀಚೆಗೆ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಪ್ರಶ್ನೆಯನ್ನು ನಾನೇ ಕೇಳುತ್ತೇನೆ, ಸ್ವಲ್ಪ ಹೊತ್ತು ಕಾಯುತ್ತೇನೆ, ಉತ್ತರವನ್ನೂ ನಾನೇ ಹೇಳಿ ‘ವೆರಿ ಗುಡ್’ ಎಂದುಬಿಡುತ್ತೇನೆ. ಮರಳೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಹೀಗೆ ಕೂತಿದ್ದಾಗ ಹೆಂಡತಿ ಬಾಗಿಲಿನಿಂದ ಇಣುಕಿದಳು. “ಅಲ್ಲಾ ರೀ, ಆ ಕಡೆ ಯಾರಾದ್ರೂ ಇದಾರೋ, ಇಲ್ಲ ಸುಮ್ನೆ ಒಬ್ರೇ ಮಾತಾಡ್ಕೋತಿದೀರೋ?” ಪರದೆಯ ತುಂಬ ಕಪ್ಪು ಚೌಕಗಳು, ಚೌಕಕ್ಕೊಂದು ಹೆಸರು. “ಇದಾರೆ ಕಣೇ” ಎಂದೆ. ಹೇಳುವಾಗ ನನಗೇ ಅಷ್ಟು ನಂಬಿಕೆಯಿರಲಿಲ್ಲ.

ನಾನು ಅರ್ಥಶಾಸ್ತ್ರದ ಮೇಷ್ಟ್ರು. ತುಮಕೂರಿನಲ್ಲಿ ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಬಿ.ಎ. ಮಕ್ಕಳಿಗೆ ಪಾಠ ಮಾಡುತ್ತೇನೆ. ವಾರವೆಲ್ಲ ತರಗತಿ ಕಾಲೇಜಿನಲ್ಲೇ; ಶನಿವಾರ ಮಾತ್ರ ಆನ್‌ಲೈನ್. ನನ್ನ ಕಾಲದ ಮೇಷ್ಟ್ರುಗಳು ನೋಟ್ಸ್ ಬರೆಸುತ್ತಿದ್ದರು. ಒಂದು ವಾಕ್ಯ ಹೇಳಿ, ಅದನ್ನೇ ಮತ್ತೆ ಹೇಳಿ, ಹಿಂದಿನ ಬೆಂಚಿನವನಿಗಾಗಿ ಇನ್ನೊಮ್ಮೆ ಹೇಳುವುದು. ಆ ಚಾಳಿ ನನಗೂ ಬಂದಿದೆ. ಈಗ ಪಾಠವೆಲ್ಲ ರೆಕಾರ್ಡ್ ಆಗುವುದರಿಂದ ಈ ಪುನರಾವರ್ತನೆಯೂ ಅಚ್ಚುಕಟ್ಟಾಗಿ ಉಳಿದುಬಿಡುತ್ತದೆ. ಗುಬ್ಬಿಯಿಂದ ರೈಲಿನಲ್ಲಿ ಓಡಾಡುವ ಹರೀಶ ಎಂಬ ಹುಡುಗ ಒಂದು ದಿನ ಬಹಳ ವಿನಯದಿಂದ ಹೇಳಿದ: “ಸಾರ್, ನಿಮ್ ವಿಡಿಯೋನ ನಾನು ಡಬಲ್ ಸ್ಪೀಡಲ್ಲಿ ಕೇಳ್ತೀನಿ. ಗುಬ್ಬಿಯಿಂದ ಇಲ್ಲಿಗೆ ಬರೋ ಅಷ್ಟ್ರಲ್ಲಿ ಮುಗಿದೋಯ್ತದೆ. ಆ ಸ್ಪೀಡಲ್ಲಿ ನೀವು ತುಂಬ ಹುಷಾರಾಗ್ ಕಾಣ್ತೀರ ಸಾರ್.” ಇಷ್ಟು ವರ್ಷ ಪಾಠ ಮಾಡಿ ಗಳಿಸಿದ ಮೆಚ್ಚುಗೆ ಇದು. ಮನೆಗೆ ಬಂದು ನಾನೂ ಹಾಗೇ ಹಾಕಿ ನೋಡಿದೆ. ನಿಜ ಹೇಳಬೇಕೆಂದರೆ, ಹುಡುಗ ಸುಳ್ಳು ಹೇಳಿರಲಿಲ್ಲ.

ಅಸೈನ್‌ಮೆಂಟಿನ ಕಥೆ ಇನ್ನೊಂದು. ಮೊದಲೆಲ್ಲ ಒಬ್ಬ ಬರೆದದ್ದನ್ನು ಉಳಿದವರು ನಕಲು ಮಾಡುತ್ತಿದ್ದರು. ಮೂಲಪುರುಷನ ಕಾಗುಣಿತದ ತಪ್ಪು ತರಗತಿಯಿಡೀ ಹಬ್ಬಿ ಕಳ್ಳರೆಲ್ಲ ಸುಲಭವಾಗಿ ಸಿಕ್ಕಿಬೀಳುತ್ತಿದ್ದರು. ಈಗ ಎಲ್ಲರಿಗೂ ಯಂತ್ರವೇ ಬರೆದುಕೊಡುತ್ತದೆ. ತಪ್ಪೇ ಇಲ್ಲ. ಒಂದೇ ಬಾಣಲೆಯಿಂದ ಎತ್ತಿದ ಬೋಂಡಾಗಳ ಹಾಗೆ ಎಲ್ಲವೂ ಗುಂಡಗೆ, ಕೆಂಪಗೆ, ಒಂದೇ ರುಚಿ. ತಿದ್ದಲು ಕೆಂಪು ಪೆನ್ನು ಹಿಡಿದವನಿಗೆ ಕೆಲಸವೇ ಇಲ್ಲದೆ ಬೇಜಾರಾಗುತ್ತದೆ. ಹಾಗೆಂದು ನಾನು ಹೊಸತನ್ನು ಬೈಯುವವನಲ್ಲ. ಕೆಮ್ಮು ಬಂದಾಗ ಮ್ಯೂಟ್ ಒತ್ತುವ ಸುಖ ಕರಿಹಲಗೆಯ ಕಾಲದಲ್ಲಿ ಎಲ್ಲಿತ್ತು? ಆದರೆ ಪಾಠ ಯಾರಿಗಾದರೂ ತಲುಪುತ್ತಿದೆಯೇ ಎಂಬ ಅನುಮಾನ ಮಾತ್ರ ಶನಿವಾರ ಬಂದರೆ ಶುರುವಾಗುತ್ತಿತ್ತು.

ಅಂಥದ್ದೊಂದು ಶನಿವಾರದ ಬೆಳಿಗ್ಗೆ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ವಿವರಿಸುತ್ತಿದ್ದೆ. ಹೆಸರು ಕೇಳಿ ಗಾಬರಿಯಾಗಬೇಡಿ. ಯಾವುದೇ ಆಗಲಿ, ಸಿಗುತ್ತಾ ಹೋದಂತೆ ಅದರ ಆಸೆ ಇಳಿಯುತ್ತದೆ ಎಂಬುದಿಷ್ಟೇ ಅದರ ಸಾರ. ಪಠ್ಯಪುಸ್ತಕದವರು ಸೇಬಿನ ಉದಾಹರಣೆ ಕೊಡುತ್ತಾರೆ. ನಮ್ಮ ಕಡೆ ಸೇಬು ತಿನ್ನುವುದು ಆಸ್ಪತ್ರೆಯಲ್ಲಿ ಮಲಗಿದಾಗ. ಹಾಗಾಗಿ ನಾನು ಒಬ್ಬಟ್ಟು ಹಿಡಿದೆ. “ಮೊದಲನೇ ಒಬ್ಬಟ್ಟು ಅಮೃತ. ಎರಡನೇದೂ ಚೆನ್ನಾಗಿರುತ್ತದೆ. ಹೀಗೇ ತಿನ್ನುತ್ತಾ ಹೋಗಿ ಐದನೇದು ತಿಂದರೆ ಏನಾಗುತ್ತದೆ?” ಎಂದು ಕೇಳಿ, ಎಂದಿನಂತೆ ನಾನೇ ಉತ್ತರಿಸಲು ಬಾಯಿ ತೆರೆದೆ.

“ವಾಂತಿ ಆಯ್ತದೆ ಬುಡಿ ಸಾ!”

ಹೆಂಗಸಿನ ದನಿ, ಖಂಡಿತ ನನ್ನ ವಿದ್ಯಾರ್ಥಿನಿಯರ ವಯಸ್ಸಿನದ್ದಲ್ಲ. ಹಿಂದೆ ಕೋಳಿಯೊಂದು ಕೂಗುತ್ತಿತ್ತು. ಹೊಳೆಯುತ್ತಿದ್ದ ಚೌಕದ ಮೇಲೆ ‘ಸವಿತಾ’ ಎಂದಿತ್ತು. ಸವಿತಾ ಕುಣಿಗಲ್ಲಿನ ಹುಡುಗಿ, ವಾರವೆಲ್ಲ ಬಸ್ಸಿನಲ್ಲಿ ಬಂದುಹೋಗುವವಳು. ಪರದೆಯ ಮೇಲೆ ನಗುವಿನ ಚಿತ್ರಗಳು ಪಟಪಟನೆ ಉದುರಿದವು. ಆ ಕಡೆ “ಅಯ್ಯಯ್ಯೋ” ಎಂಬ ಉದ್ಗಾರ ಕೇಳಿ ಚೌಕ ಮಾಯವಾಯಿತು. ನನಗೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ಖುಷಿ. ಆನ್‌ಲೈನಿನಲ್ಲಿ ನಾನು ಕೇಳಿದ ಪ್ರಶ್ನೆಗೆ ಬೇರೊಬ್ಬರು ಕೊಟ್ಟ ಮೊಟ್ಟಮೊದಲ ಉತ್ತರ ಅದು, ಅದೂ ಸರಿಯುತ್ತರ.

ಸೋಮವಾರ ಸವಿತಾ ನನ್ನ ಕೋಣೆಗೆ ಬಂದಳು. ಕಣ್ಣು ಆಗಲೇ ಕೆಂಪಾಗಿತ್ತು. “ಸಾರ್, ಅದು ನಮ್ಮಮ್ಮ” ಎಂದಳು. ಕುಣಿಗಲ್ಲಿನ ಬಟ್ಟೆ ಅಂಗಡಿಯೊಂದರಲ್ಲಿ ಸವಿತಾಳಿಗೆ ಶನಿವಾರದ ಕೆಲಸ. ಮದುವೆ ಸೀಸನ್, ರಜೆ ಕೊಡುವುದಿಲ್ಲ. ಫೋನನ್ನು ತಾಯಿ ಜಯಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದಳು. “ಹೆಸ್ರು ಕೂಗ್ದಾಗ ಪ್ರೆಸೆಂಟ್ ಸಾರ್ ಅಂದು ಇಟ್ಬುಡು ಅಂದಿದ್ದೆ ಸಾರ್. ಅವ್ಳು ಇಡೋದೇ ಇಲ್ವಂತೆ. ಅವರೆಕಾಯಿ ಸುಲೀತಾ ಪೂರ್ತಿ ಕೇಳ್ತಾಳಂತೆ. ಅವತ್ತು ಮ್ಯೂಟ್ ಮಾಡೋದ್ ಮರ್ತಿದ್ಲಂತೆ. ಸಾಯಂಕಾಲ ನಂಗೇ ಪಾಠ ಮಾಡ್ತಾಳೆ.”

ಬೆಂಚಿನ ಕೆಳಗೆ ತಲೆ ಬಗ್ಗಿಸಿ ಗೆಳೆಯನ ಪರವಾಗಿ ‘ಪ್ರೆಸೆಂಟ್’ ಕೂಗುವುದು ನಮ್ಮ ಕಾಲೇಜುಗಳ ಹಳೆಯ ವಿದ್ಯೆ. ತಾಯಿಯ ಕೈಲೇ ಪ್ರಾಕ್ಸಿ ಹೇಳಿಸಿದ್ದು ಮಾತ್ರ ಹೊಸದು. ಇಷ್ಟು ದಿನ ಆ ದನಿಯ ಮೇಲೆ ಅನುಮಾನವೇ ಪಡದ ನನ್ನ ಕಿವಿಯ ಬಗ್ಗೆ ಏನು ಹೇಳಲಿ! ಆದರೆ ನಗುವ ಹೊತ್ತಲ್ಲ ಅದು. ಆ ಶನಿವಾರಗಳನ್ನೆಲ್ಲ ಹೊಡೆದುಹಾಕಿದರೆ ಹುಡುಗಿಗೆ ಹಾಜರಿ ಸಾಲದು. ಪರೀಕ್ಷೆಗೆ ಕೂರಿಸುವುದಿಲ್ಲ, ವರ್ಷ ಹೋಗುತ್ತದೆ. ವರ್ಷ ಹೋದರೆ ಮತ್ತೆ ಬರುವುದು ಅನುಮಾನ. ಹಾಗೆ ಅಂಗಡಿಗೇ ಉಳಿದುಹೋದವರನ್ನು ನಾನು ನೋಡಿದ್ದೇನೆ.

ವಿಭಾಗದ ಮುಖ್ಯಸ್ಥರು ಖಡಕ್ ಹೆಂಗಸು. “ಪ್ರಾಕ್ಸಿ ಅಂದ್ರೆ ಪ್ರಾಕ್ಸಿನೇ ರೀ. ಇವತ್ತು ತಾಯಿ, ನಾಳೆ ಅಂಗಡಿ ಓನರ್ರೇ ಪ್ರೆಸೆಂಟ್ ಅಂತಾನೆ” ಎಂದರು. ಮಾತು ನ್ಯಾಯವಾಗೇ ಇತ್ತು. ನಾನೂ ಸುಳ್ಳು ಹಾಜರಿಯನ್ನೆಲ್ಲ ಹೊಡೆದುಹಾಕಿದೆ. ಹೆಸರಿದ್ದವಳು ತರಗತಿಯಲ್ಲಿ ಇರಲಿಲ್ಲ, ಸರಿ. ಆದರೆ ಕಪ್ಪು ಚೌಕಗಳ ನಡುವೆ ಖಂಡಿತವಾಗಿ ಹಾಜರಿದ್ದವರು ಯಾರಾದರೂ ಇದ್ದರೆ ಅದು ಆ ಹೆಂಗಸು ಮಾತ್ರ. ಇದನ್ನೇ ಮುಖ್ಯಸ್ಥರ ಮುಂದೆ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕಡಿಮೆ ಬಿದ್ದ ಹಾಜರಿಗೆ ಬದಲಾಗಿ ಕಾಲೇಜು ಮುಗಿದ ಮೇಲೆ ಪೂರಕ ತರಗತಿ ತೆಗೆದುಕೊಂಡರೆ ಪರೀಕ್ಷೆಗೆ ಬಿಡಬಹುದು ಎಂಬ ನಿಯಮವೊಂದು ಇತ್ತು. “ಮೇಷ್ಟ್ರು ನೀವು ಕೂರ್ತೀರೇನ್ರಿ?” ಎಂದರು. ಕೂರುತ್ತೇನೆ ಎಂದೆ. ಸವಿತಾ ಅಂಗಡಿಯವರ ಕಾಲು ಹಿಡಿದು ಶನಿವಾರ ಮಧ್ಯಾಹ್ನದ ಮೇಲೆ ಕೆಲಸಕ್ಕೆ ಬರಲು ಒಪ್ಪಿಸಿಕೊಂಡಳು. ಪೂರಕ ತರಗತಿಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಪರೀಕ್ಷೆಗೂ ಕೂತಳು.

ಎಲ್ಲ ಸರಿಹೋಯಿತು ಎಂದು ನಾನು ಮೀಸೆ ತಿರುವಿಕೊಂಡೆ. ಹೊಸ ಸೆಮಿಸ್ಟರ್ ಶುರುವಾಗಿ ಸ್ವಲ್ಪ ದಿನಕ್ಕೆ ಸವಿತಾಳ ನಂಬರಿನಿಂದ ಫೋನ್ ಬಂತು.

“ಸಾ, ನಾನು ಜಯಮ್ಮ, ಸವಿತನ್ ತಾಯಿ. ತಪ್ಪಾಯ್ತು ಸಾ ಅವತ್ತು.”

“ಪರವಾಗಿಲ್ಲಮ್ಮ, ಅದೆಲ್ಲ ಮುಗಿದೋಯ್ತು ಬಿಡಿ” ಎಂದೆ.

“ಮುಗಿದೋಯ್ತು ಅಂತ್ಲೇ ಸಾ ಫೋನ್ ಮಾಡಿದ್ದು.” ದನಿ ತಗ್ಗಿತು. “ಈಗ ಅವ್ಳೇ ಮನೇಲ್ ಕೂತ್ಕೋತಾಳೆ. ಕಿವಿಗೆ ಅದೇನೋ ವೈರು ತುರುಕ್ಕಂಡವ್ಳೆ. ಪಕ್ಕದಲ್ಲೇ ಕೂತಿದ್ರೂ ನಂಗೆ ಒಂದಕ್ಷರ ಕೇಳ್ಸಲ್ಲ ಸಾ. ಏಳ್ನೇ ಕ್ಲಾಸಿಗೇ ನನ್ನ ಬಿಡ್ಸಿದ್ರು. ಹೆಂಗೋ ಮತ್ತೆ ಶುರುವಾಗಿತ್ತು.”

ಹುಡುಗಿಯನ್ನು ಉಳಿಸಿಕೊಳ್ಳುವ ಭರದಲ್ಲಿ ಅವಳ ತಾಯಿಯನ್ನು ಎರಡನೇ ಸಲ ಶಾಲೆ ಬಿಡಿಸಿದ್ದೆ! ನಿಯಮ ಪಾಲಿಸಿದ್ದೆ, ತಪ್ಪು ಮಾಡಿರಲಿಲ್ಲ. ಇಷ್ಟೆಲ್ಲ ತಂತ್ರಜ್ಞಾನ ಬಂದು ವಿಶ್ವವಿದ್ಯಾಲಯ ಮನೆಯೊಳಗೆ ಹೊಕ್ಕಿದೆ ಎನ್ನುತ್ತೇವೆ. ಹೊಕ್ಕ ಮೇಲೆ ಒಬ್ಬರ ಕಿವಿಯೊಳಗೆ ಮಾತ್ರ ಹೋಗಿ ಬಾಗಿಲು ಹಾಕಿಕೊಳ್ಳುತ್ತದಲ್ಲ!

ಮುಂದಿನ ಶನಿವಾರ ಹಾಜರಿ ಕರೆದಾದ ಮೇಲೆ ಹೇಳಿದೆ: “ಸವಿತಾ, ಆ ಇಯರ್‌ಫೋನ್ ತೆಗೆದುಬಿಡಮ್ಮ. ಫೋನ್ ಜೋರಾಗಿಟ್ಟು ಅಡುಗೆಮನೆ ಬಾಗಿಲ ಹತ್ರ ಕೂತ್ಕೋ.”

“ಸಾರ್, ಇಲ್ಲಿ ಕುಕ್ಕರ್ ಕೂಗ್ತಾ ಇದೆ ಸಾರ್” ಎಂದಳು ಸಂಕೋಚದಿಂದ.

“ಕೂಗಲಿ, ಕಾಯೋಣ” ಎಂದೆ. ಮೊದಲು ಬೆಲ್ಲು ಹೊಡೆದ ಮೇಲೆ ಪಾಠ ಶುರು ಮಾಡುತ್ತಿದ್ದೆ. ಈಗ ಶನಿವಾರಗಳಲ್ಲಿ, ಜಯಮ್ಮನವರ ಕುಕ್ಕರ್ ಇಳಿದ ಮೇಲೆ.