ಬ್ರೇಕಕ್ಕನ ಬಲಗಾಲು

ಬ್ರೇಕಕ್ಕನಿಗೆ ಆ ಹೆಸರು ಬಿದ್ದದ್ದು ಗಂಡನ ಗಂಟಲಿನಿಂದ. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಅವನು ಹಳೇ ಕಾರುಗಳ ವೈರಿಂಗ್ ಕೆಲಸ ಮಾಡುತ್ತಾನೆ. ಊರಿಗೆಲ್ಲ ಅವನು ಕರೆಂಟಣ್ಣ. ಬ್ಯಾಟರಿಯೋ ಹಾರನ್ನೋ ಆದರೆ ಒಬ್ಬನೇ ನೋಡಿಕೊಂಡಾನು. ಬ್ರೇಕ್ ಲೈಟಿಗೆ ಮಾತ್ರ ಎರಡನೆಯ ಜೀವ ಬೇಕೇ ಬೇಕು. ಒಬ್ಬರು ಮುಂದೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಹಿಂದೆ ನಿಂತು ದೀಪ ನೋಡಬೇಕು. ತನ್ನ ಬೆನ್ನು ತನಗೆ ಕಂಡೀತೇ? ಹೀಗಾಗಿ ಮದುವೆಯಾದ ಹೊಸದರಿಂದಲೂ ಅವನು ಯಾವುದಾದರೂ ಕಾರಿನ ಹಿಂದೆ ನಿಂತು, "ಏ, ಬಾರೇ, ಬ್ರೇಕು!" ಎಂದು ಬೀದಿ ಒಂದಾಗುವಂತೆ ಕೂಗುತ್ತ ಬಂದಿದ್ದಾನೆ. ಅವಳು ಒಲೆಯ ಮೇಲಿನ ಹಾಲನ್ನು ಇಳಿಸಿಯೋ, ತಲೆ ಅರ್ಧ ಬಾಚಿಕೊಂಡೋ ಓಡಿ ಬಂದು ಡ್ರೈವರ್ ಸೀಟಿನಲ್ಲಿ ಕೂರುತ್ತಾಳೆ.

"ಒತ್ತು!"

"ಒತ್ತಿದೆ."

"ಗಟ್ಟಿಯಾಗಿ ಒತ್ತೇ, ಅನ್ನ ತಿಂದಿಲ್ವಾ?"

"ತಿಂದಿದ್ದೆ ಕಣ್ರೀ. ನಿಮ್ಮ ಕೂಗಿಗೆ ಎಲ್ಲಾ ಕರಗಿ ಹೋಯ್ತು."

ಎದುರು ಮನೆಯ ಮಕ್ಕಳು ಇದನ್ನು ಕೇಳಿ ಕೇಳಿ ಅವಳನ್ನು ಬ್ರೇಕಕ್ಕ ಎಂದವು, ಆಮೇಲೆ ದೊಡ್ಡವರೂ ಅಂದರು. ಅವಳೇನೂ ಬೇಸರ ಪಡಲಿಲ್ಲ. ಕರೆಂಟಣ್ಣನ ಲೆಕ್ಕದಲ್ಲಿ ಅವಳೊಂದು ಕಾಲು, ಅಷ್ಟೇ. ಸ್ಪಾನರು ಇದ್ದ ಹಾಗೆ, ಟೆಸ್ಟ್ ಲ್ಯಾಂಪು ಇದ್ದ ಹಾಗೆ, ಪೆಡಲ್ ಒತ್ತಲು ಒಂದು ಕಾಲು. ಕೆಟ್ಟವನಲ್ಲ ಪಾಪ. ಹೆಂಡತಿ ಎಂದರೆ ಪ್ರಾಣ. ಆದರೆ ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಸುಮ್ಮನೆ ಹುಟ್ಟಿತೇನು?

ಅವರಿಗೆ ಒಬ್ಬಳೇ ಮಗಳು. ಅವಳಿಗೂ ಒಂದು ಕೂಸು, ಹಿಂದಿನ ಸೀಟಿಗೆ ಬೆಲ್ಟು ಬಿಗಿದ ಪುಟ್ಟ ಕುರ್ಚಿಯಲ್ಲಿ ಕೂರುವ ವಯಸ್ಸಿನದು. ದಿನಾ ಬೆಳಗ್ಗೆ ಅವಳು ಕೂಸನ್ನು ಶಿಶುವಿಹಾರಕ್ಕೆ ಬಿಟ್ಟು ತಾನು ಕೆಲಸಕ್ಕೆ ಹೋಗುವುದು ಅಪ್ಪನ ಹಳೇ ಕಾರಿನಲ್ಲಿ. ಆ ಕಾರಿಗೆ ವಯಸ್ಸು ಮಗಳಿಗಿಂತ ಹೆಚ್ಚು. ಅದರ ಒಂದೊಂದು ವೈರೂ ಕರೆಂಟಣ್ಣನ ಕೈಯಲ್ಲಿ ಹಾದು ಬಂದದ್ದು.

ಆ ಕಾರಿಗೆ ಒಂದು ಬೆಳಗ್ಗೆ ಹಿಂದಿನಿಂದ ಬೇಕರಿಯ ಬ್ರೆಡ್ ವ್ಯಾನು ಗುದ್ದಿತು. ತಿರುವಿನಲ್ಲಿ ಯಾರೋ ರಸ್ತೆ ದಾಟುತ್ತಿದ್ದರೆಂದು ಮಗಳು ನಿಧಾನ ಮಾಡಿದ್ದಳು. ಡಿಕ್ಕಿ ಅಪ್ಪಚ್ಚಿಯಾಗಿ ಹಿಂದಿನ ಸೀಟು ಮುಂದಕ್ಕೆ ಬಾಗಿತು, ಮಗಳ ಕುತ್ತಿಗೆ ಉಳುಕಿತು. ಕೂಸಿಗೆ ಅವತ್ತು ಮೈ ಬಿಸಿಯಿತ್ತೆಂದು ಅಜ್ಜಿ ಮನೆಯಲ್ಲೇ ಇಟ್ಟುಕೊಂಡಿದ್ದಳು, ಪುಟ್ಟ ಕುರ್ಚಿ ಖಾಲಿಯಿತ್ತು. ಅದನ್ನು ನೆನೆದರೆ ಈಗಲೂ ಮನೆಯವರ ಮೈ ತಣ್ಣಗಾಗುತ್ತದೆ.

ಕರೆಂಟಣ್ಣ ಓಡಿ ಬಂದಾಗ ವ್ಯಾನಿನ ಡ್ರೈವರು ಕೈ ಜೋಡಿಸಿಕೊಂಡು ನಿಂತಿದ್ದ. "ಲೈಟ್ ಬರ್ಲೇ ಇಲ್ಲಣ್ಣಾ. ಬಂದಿದ್ರೆ ನಾನೂ ಬ್ರೇಕ್ ಹಿಡೀತಿದ್ದೆ."

ಕರೆಂಟಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ತಾನೇ ಕಾರಿಗೆ ನುಗ್ಗಿ ಕೂತು ಪೆಡಲ್ ಮೆಟ್ಟಿದ. ಒಡೆಯದೆ ಉಳಿದಿದ್ದ ಒಂದು ಕಡೆಯ ದೀಪ ಝಗ್ಗೆಂದಿತು, ನೆರೆದವರೆಲ್ಲ ನೋಡಿದರು. "ಯಾರ ಹತ್ರ ಸುಳ್ಳು ಬೊಗಳ್ತಿದ್ದೀಯಾ? ನಿದ್ದೆ ಹೊಡ್ಕೊಂಡು ಬಂದು ಗುದ್ದಿ, ನನ್ನ ಲೈಟಿನ ಮೇಲೆ ಹಾಕ್ತೀಯಾ?" ಎಂದು ನಡುಬೀದಿಯಲ್ಲಿ ಅವನ ಮಾನ ಕಳೆದ. ಡ್ರೈವರು ಆ ದೀಪವನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ತನ್ನ ಕಣ್ಣನ್ನು ತಾನೇ ನಂಬದವನ ಹಾಗಿತ್ತು ಅವನ ಮುಖ. ಬೇಕರಿಯ ಮಾಲೀಕ ಅವನನ್ನು ವ್ಯಾನಿನಿಂದ ಇಳಿಸಿ ಹಿಟ್ಟು ನಾದುವುದಕ್ಕೆ ಹಾಕಿದನೆಂದು ಆಮೇಲೆ ಸುದ್ದಿ ಬಂತು.

ಮಗಳ ಕುತ್ತಿಗೆ ಸರಿಹೋಯಿತು, ಕಾರಿನ ಬೆನ್ನೂ ನೆಟ್ಟಗಾಯಿತು. ಹೊಸ ಗಾಜು, ಹೊಸ ಬಲ್ಬು ಹಾಕಿ ಆಯಿತು. ಒಂದು ಬೆಳಗ್ಗೆ ಮಗಳು ಶೆಡ್ಡಿಗೆ ಬಂದು ಕೇಳಿದಳು: "ಅಪ್ಪಾ, ಇನ್ನು ಕಾರು ತಗೊಂಡು ಹೋಗ್ಲಾ? ಮಗೂನ ಕೂರಿಸ್ಕೊಂಡು ಹೋಗ್ಬಹುದಾ?"

ಹೂಂ ಅನ್ನಲು ಅವನು ಬಾಯಿ ತೆರೆದ. ಹಿಟ್ಟು ನಾದುವವನ ಆ ಮುಖ ಅಡ್ಡ ಬಂತು. ಸುಳ್ಳು ಹೇಳುವವನು ಹಾಗೆ ನೋಡುತ್ತಾನೆಯೇ?

"ಸ್ವಲ್ಪ ತಡಿ," ಎಂದ. "ಇನ್ನೊಂದ್ಸಲ ನೋಡಿಬಿಡ್ತೀನಿ."

ನೋಡಿದ, ಬಿಡದೆ ನೋಡಿದ. ಫ್ಯೂಸು ತೆಗೆದು ಉಜ್ಜಿ ಹಾಕಿದ. ಬಾನೆಟ್ ಎತ್ತಿ ಬ್ರೇಕ್ ಲೈಟಿನ ಸ್ವಿಚ್ಚಿಗೆ ಕೈ ಹಾಕಿದ. ಈಗಿನ ಕಾರುಗಳಲ್ಲಿ ಆ ಸ್ವಿಚ್ಚು ಪೆಡಲ್ಲಿನ ಪಕ್ಕದಲ್ಲೇ ಇರುತ್ತದೆ. ಈ ಮುದಿ ಕಾರಿನಲ್ಲಿ ಹಾಗಲ್ಲ. ಬ್ರೇಕ್ ಎಣ್ಣೆ ಹರಿಯುವ ಕೊಳವೆಗೇ ಹೆಬ್ಬೆರಳು ಗಾತ್ರದ ಸ್ವಿಚ್ಚು ತಿರುಗಿಸಿ ಕೂರಿಸಿರುತ್ತಾರೆ. ಪೆಡಲ್ ಒತ್ತಿದರೆ ಎಣ್ಣೆಯ ಒತ್ತಡ ಏರುತ್ತದೆ, ಒತ್ತಡಕ್ಕೆ ಒಳಗಿನ ಪೊರೆ ಉಬ್ಬಿ ಎರಡು ತಾಮ್ರದ ತುದಿಗಳನ್ನು ಕೂಡಿಸುತ್ತದೆ, ಹಿಂದೆ ದೀಪ ಉರಿಯುತ್ತದೆ. ಅವನು ಸ್ವಿಚ್ಚಿನ ಎರಡೂ ವೈರು ಕಳಚಿ ಒಂದಕ್ಕೊಂದು ತಾಗಿಸಿದ, ದೀಪ ಬಂತು. ಅಂದರೆ ವೈರು ಸರಿ, ಬಲ್ಬು ಸರಿ. ಮತ್ತೆ ಸ್ವಿಚ್ಚಿಗೆ ಸಿಕ್ಕಿಸಿ, "ಏ, ಬಾರೇ, ಬ್ರೇಕು!" ಎಂದು ಕೂಗಿದ. ಅವಳು ಬಂದು ಒತ್ತಿದಳು. ಬಂತು. ಮತ್ತೆ ಒತ್ತಿಸಿದ. ಮತ್ತೆ ಬಂತು. ವೈರನ್ನು ಹಿಡಿದು ಜಗ್ಗಾಡುತ್ತ ಒತ್ತಿಸಿದ, ಎಂಜಿನ್ ಬಿಸಿ ಮಾಡಿ ಒತ್ತಿಸಿದ. ಹಾಳಾದ್ದು, ಪ್ರತಿ ಸಲವೂ ಬಂತು!

ಸರಿಯಿಲ್ಲದ್ದು ಕಂಡರೆ ರಿಪೇರಿ ಮಾಡಬಹುದು. ಸರಿಯಾಗಿರುವುದನ್ನು ಏನು ಮಾಡುವುದು? ಕರೆಂಟಣ್ಣ ಶೆಡ್ಡಿನ ನೆಲದ ಮೇಲೆ ತಲೆಗೆ ಕೈ ಹೊತ್ತು ಕೂತುಬಿಟ್ಟ. "ಕೂಸಿನ ವಿಷಯ ಕಣೇ," ಎಂದ. "ಹೂಂ ಅಂತ ಹೆಂಗೆ ಹೇಳ್ಲಿ?"

ಬ್ರೇಕಕ್ಕ ಸೀಟಿನಿಂದ ಇಳಿದಿರಲಿಲ್ಲ. ಪೆಡಲ್ಲನ್ನೇ ನೋಡುತ್ತ ಕೂತಿದ್ದಳು. "ರೀ," ಎಂದಳು, "ಅವತ್ತು ಒತ್ತಿದ್ದು ಯಾರು?"

"ಯಾರು ಅಂದ್ರೆ? ನಮ್ಮ ಮಗಳು."

"ಇಷ್ಟು ಹೊತ್ತು ಒತ್ತಿದ್ದು?"

"ನೀನು. ಏನೇ ಇದು, ಒಗಟಾ?"

"ನಾನು ನೀವು ಕೂಗಿದ ಹಂಗೆ ಒತ್ತಿದೆ. ಗಟ್ಟಿಯಾಗಿ. ಅವಳು ಯಾವತ್ತಾದ್ರೂ ಹಂಗೆ ಒತ್ತೋದು ನೋಡಿದ್ದೀರಾ? ಹೋಗಿ, ಹಿಂದೆ ನಿಂತ್ಕೊಳ್ಳಿ. ಇವಾಗ ಅವಳ ಕಾಲಲ್ಲಿ ಒತ್ತುತೀನಿ."

ಅವನಿಗೆ ನಗು ಬಂತು, ರೇಗಿತು ಕೂಡ. ಮಗಳ ಕಾಲಂತೆ! ಆದರೂ ಎದ್ದು ಹೋಗಿ ನಿಂತ. ಅವಳು ಚಪ್ಪಲಿ ಕಳಚುವ ಸದ್ದು ಕೇಳಿತು. ದೀಪ ಕಪ್ಪಗೇ ಇತ್ತು.

"ಒತ್ತೇ!"

"ಒತ್ತಿದ್ದೀನಿ."

"ಎಲ್ಲಿ ಒತ್ತಿದ್ದೀಯಾ? ಏನೂ ಬರ್ತಿಲ್ಲ!"

"ಕಾರು ತಳ್ಳಿ ನೋಡಿ."

ಶೆಡ್ಡಿನ ನೆಲ ಬೀದಿಯ ಕಡೆಗೆ ಇಳಿಜಾರು. ಗೇರಿನಲ್ಲಿಲ್ಲದ ಕಾರಿಗೆ ಕೈ ತಾಗಿಸಿದರೆ ಸಾಕು, ತಾನೇ ಉರುಳಬೇಕು. ಅವನು ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆದ. ಮುಂದೆ ಬಂದು ಬಾನೆಟ್ಟಿಗೆ ಎರಡೂ ಕೈ ಕೊಟ್ಟು ತಳ್ಳಿದ. ಕಾರು ಕದಲಲಿಲ್ಲ. ಇನ್ನೂ ತಳ್ಳಿದ, ಕದಲಲಿಲ್ಲ. ಹಿಂದಕ್ಕೆ ಓಡಿ ನೋಡಿದ: ಬ್ರೇಕು ಹಿಡಿದಿದೆ, ದೀಪವಿಲ್ಲ. ತಡೆದು ನಿಂತ ಕಾರಿನ ಬೆನ್ನಿನಲ್ಲಿ ಒಂದು ಚೂರೂ ಕೆಂಪಿಲ್ಲ.

ಅವನು ಬಾಗಿಲಿಗೆ ಬಂದು ಬಗ್ಗಿ ನೋಡಿದ. ಪೆಡಲ್ಲಿನ ಮೇಲೆ ಅವಳ ಬರಿಗಾಲು. ಕಾಲ ಬೆರಳ ಬುಡ ಮಾತ್ರ ಊರಿದೆ, ಹಿಮ್ಮಡಿ ನೆಲ ಬಿಟ್ಟಿಲ್ಲ, ಒತ್ತಿದೆಯೋ ಇಲ್ಲವೋ ಎನ್ನುವಷ್ಟು ಹಗುರ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಗಳು ಬ್ರೇಕು ಹಾಕುತ್ತಾಳೆ. ಸಾಕ್ಷಾತ್ ಅವಳ ಕಾಲೇ ಅದು.

"ನೋಡ್ತಾ ಇರಿ," ಎಂದಳು ಅವಳು. ಕಾಲಿನ ಭಾರ ಒಂದೇ ಒಂದು ಎಳೆ ಏರಿತು, ಅವನು ಹಿಂದಕ್ಕೆ ಓಡಿ ದೀಪ ನೋಡಿದ. ಇಲ್ಲ. ಇನ್ನೊಂದು ಎಳೆ ಏರಿಸಿದಳು. ಇಲ್ಲ. ಅವಳು ಇನ್ನೂ ಏರಿಸಿದಳು. ದೀಪ ಪಕ್ಕನೆ ಬಂತು. ಅಷ್ಟೇ ನಯವಾಗಿ ಇಳಿಸಿದಳು, ಹೋಯಿತು. ಬಂತು, ಹೋಯಿತು. ಸಾಯುತ್ತಿರುವ ಸ್ವಿಚ್ಚಿನ ಪ್ರಾಣ ಎಲ್ಲಿ ಇದೆ, ಎಲ್ಲಿ ಇಲ್ಲ ಎಂದು ಅವಳ ಕಾಲು ಗೆರೆ ಎಳೆದ ಹಾಗೆ ತೋರಿಸುತ್ತಿತ್ತು. ಪೊರೆ ಮುದಿಯಾಗಿ ಬಿರುಸಾಗಿದೆ. ಜೋರು ಒತ್ತಡಕ್ಕೆ ಮಾತ್ರ ಉಬ್ಬುತ್ತದೆ. ಮೆಟ್ಟುವವರಿಗೆ ದೀಪ, ಮೆಲ್ಲಗೆ ಒತ್ತುವವರಿಗೆ ಕತ್ತಲೆ. ಇಷ್ಟು ವರ್ಷ ಅವನು ಎಲ್ಲ ಕಾರುಗಳನ್ನೂ "ಗಟ್ಟಿಯಾಗಿ ಒತ್ತೇ" ಎಂದು ಕೂಗಿಯೇ ಪಾಸು ಮಾಡಿದ್ದ. ಮಗಳಿಗೆ ಕಾರು ಕಲಿಸುವಾಗ, "ಹಿಂದೆ ಕೂಸು ಮಲಗಿದೆ ಅಂದ್ಕೊಂಡು ಬ್ರೇಕ್ ಹಾಕು," ಎಂದು ಹೇಳಿಕೊಟ್ಟವನೂ ಅವನೇ.

"ನಿಂಗೆ ಹೆಂಗೆ ಗೊತ್ತಾಯ್ತೇ?" ಎಂದ.

"ಕಾರಲ್ಲಿ ಕೂತ್ರೆ ನೀವೆಲ್ಲಾ ರಸ್ತೆ ನೋಡ್ತೀರಾ. ನಂಗೆ ಕಾಲು ನೋಡೋದೇ ಅಭ್ಯಾಸ ಆಗಿಹೋಗಿದೆ. ನಿಮ್ಮ ಕಾಲು ಹೀಗೆ," ಎಂದು ಪೆಡಲ್ಲನ್ನು ಜಿರಳೆ ಹೊಸಕಿದಂತೆ ತುಳಿದಳು. "ಎದುರು ಮನೆ ಮೇಷ್ಟ್ರದು ಹೀಗೆ," ಎಂದು ಎರಡು ಸಲ ತಟ್ಟಿ, ಅನುಮಾನಪಟ್ಟು, ಆಮೇಲೆ ಒತ್ತಿದಳು. ಮೇಷ್ಟ್ರು ಬಾಗಿಲು ತಟ್ಟುವುದೂ ಹಾಗೆಯೇ! ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ಕಾಲ ಯಾರನ್ನು ಏ, ಬಾರೇ ಎಂದು ಕೂಗುತ್ತಿದ್ದೆ ನಾನು? ಬೀದಿಯವರ ಕಾಲನ್ನೆಲ್ಲ ತನ್ನ ಒಂದು ಕಾಲಿನಲ್ಲಿ ಇಟ್ಟುಕೊಂಡು ಕೂತಿದ್ದಾಳಲ್ಲ ಈ ಮಹಾತಾಯಿ! ಅಯ್ಯೋ ನನ್ನ ಜನ್ಮವೇ, ಎಂದುಕೊಂಡು ಅವನು ನಿಂತಲ್ಲೇ ನಿಂತ. "ನೀನು ದೊಡ್ಡವಳು ಕಣೇ," ಎಂದ.

"ಹೊಗಳಿದ್ದು ಸಾಕು, ಸ್ವಿಚ್ಚು ತಗೊಂಡು ಬನ್ನಿ," ಎಂದಳು ಅವಳು.

ಹೊಸ ಸ್ವಿಚ್ಚು ತಂದು ಕೂರಿಸಿದ. ಹಳೆಯದನ್ನು ಬಿಚ್ಚಿದಾಗ ಕೊಳವೆಗೆ ಗಾಳಿ ಹೊಕ್ಕಿತ್ತು, ಅದನ್ನು ಇಬ್ಬರೂ ಸೇರಿ ಹೊರಹಾಕಿದರು. ಅವಳು ಒತ್ತಿ ಹಿಡಿಯುವುದು, ಅವನು ಚಕ್ರದ ಬಳಿಯ ತಿರುಪು ಸಡಿಲಿಸಿ ಎಣ್ಣೆಯೊಂದಿಗೆ ಗಾಳಿಯ ಗುಳ್ಳೆ ಹೊರಬಿಡುವುದು. ಈ ಸಲ ಅವನು ಕೂಗಲಿಲ್ಲ. "ಒತ್ತಮ್ಮಾ, ಹಿಡಿ, ಈಗ ಬಿಡು," ಎಂದು ಮೆಲ್ಲಗೆ ಹೇಳುತ್ತಿದ್ದ. "ಏನ್ರೀ, ಗಂಟಲು ಕಟ್ಟಿದ್ಯಾ?" ಎಂದು ಅವಳು ಕಿಚಾಯಿಸಿದಳು.

ಕೆಲಸ ಮುಗಿದ ಮೇಲೆ ಅವನು ಕೈ ತೊಳೆದು ಸೀದಾ ಬೇಕರಿಗೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಆಡಿದ ಬಾಯಿಯೇ ಹೋಗಿ ತಪ್ಪೊಪ್ಪಬೇಕಲ್ಲ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದವನ ಮುಂದೆ, ಮಾಲೀಕನ ಎದುರೇ, "ನೀನು ಹೇಳಿದ್ದೇ ನಿಜ ಕಣಪ್ಪಾ. ಲೈಟ್ ಬಂದಿರ್ಲಿಲ್ಲ. ಸುಳ್ಳ ಅಂದ ನಾನೇ ಸುಳ್ಳ," ಎಂದ. ಮಾಲೀಕ ಗೋಡೆಯ ಮೊಳೆಯಿಂದ ವ್ಯಾನಿನ ಬೀಗದಕೈ ತೆಗೆದು ಡ್ರೈವರನ ಮುಂದಿಟ್ಟ.

"ಇನ್ನೊಂದು ಉಪಕಾರ ಮಾಡ್ಬೇಕು," ಎಂದ ಕರೆಂಟಣ್ಣ. "ನಮ್ಮ ಮಗಳು ಕಾರು ಓಡಿಸ್ತಾಳೆ. ನೀನು ಅವತ್ತಿನ ಹಂಗೇ ಹಿಂದೆ ಬಾ."

ಮಗಳು ಒಬ್ಬಳೇ ಕಾರು ಹತ್ತಿ ಹೊರಟಳು. ಹಿಂದೆ ಬ್ರೆಡ್ ವ್ಯಾನು, ಅದರಲ್ಲಿ ಡ್ರೈವರೊಬ್ಬನೇ. ಬ್ರೇಕಕ್ಕ ಕೂಸನ್ನು ಸೊಂಟಕ್ಕೇರಿಸಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಳು, ಪಕ್ಕದಲ್ಲಿ ಅವನು. ಎರಡೂ ಬಂಡಿಗಳು ತಿರುವಿನಲ್ಲಿ ಮರೆಯಾದವು. ಅಲ್ಲಿಂದಾಚೆಗೆ ಏನಾಯಿತೋ ಇವರಿಗೆ ಕಾಣುವಂತಿರಲಿಲ್ಲ. ಕೂಸು ಅಜ್ಜಿಯ ಕಿವಿ ಎಳೆಯುತ್ತಿತ್ತು, ಅಜ್ಜಿ ಗದರಲಿಲ್ಲ.

ಸುತ್ತು ಹಾಕಿ ಎರಡೂ ವಾಪಸು ಬಂದು ನಿಂತವು. ಮಗಳು ಇಳಿದಳು. ಅಪ್ಪನ ಕಡೆ ನೋಡಲಿಲ್ಲ, ಅಮ್ಮನ ಕಡೆಯೂ ನೋಡಲಿಲ್ಲ. ನೇರ ವ್ಯಾನಿನ ಕಿಟಕಿಗೆ ಹೋಗಿ ಕೇಳಿದಳು.

"ಅಣ್ಣಾ, ಬಂತಾ?"

ಡ್ರೈವರು ಕಣ್ಣೊರೆಸಿಕೊಂಡ, ಕೆನ್ನೆಗೆ ಒಂದಿಷ್ಟು ಹಿಟ್ಟು ಹತ್ತಿತು.

"ಪ್ರತಿ ಸಲಾನೂ ಬಂತಮ್ಮಾ," ಎಂದ. "ಮಗೂನ ಕೂರಿಸ್ಕೋ."

ಮಗಳು ಅಮ್ಮನ ಸೊಂಟದಿಂದ ಕೂಸನ್ನು ಎತ್ತಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿದಳು.