ತನಾಕಾನ ಕ್ಯಾಸೆಟ್ಟಿನಲ್ಲಿ ಉಳಿದ ಹಾಡು

ನನ್ನ ಮಗಳಿಗೆ ಜಪಾನಿ ಭಾಷೆಯ ಒಂದಕ್ಷರವೂ ಬರುವುದಿಲ್ಲ. ಆದರೂ ಮೊನ್ನೆ ಭಾನುವಾರ ಬೂತಾಯಿ ಮೀನು ಕ್ಲೀನ್ ಮಾಡುತ್ತಾ ಜಪಾನಿ ಹಾಡೊಂದನ್ನು ಗುನುಗುತ್ತಿದ್ದಳು. ಅದು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು.

ಎಂಬತ್ತರ ದಶಕ. ಸೌದಿಯ ಅಭಾದಲ್ಲಿ ಒಂದು ಆಸ್ಪತ್ರೆ, ಅಲ್ಲಿ ನಾನು ನರ್ಸ್. ಎಂಟು ತಿಂಗಳ ಮಗುವನ್ನು ಉಡುಪಿಯಲ್ಲಿ ಅಮ್ಮನ ಕೈಗಿಟ್ಟು ವಿಮಾನ ಹತ್ತಿದವಳು. (ಕಮೆಂಟಿನಲ್ಲಿ ಬೈಯುವವರು ಬೈಯಿರಿ. ಆಗ ಎದುರಿಗೇ ಬೈದವರಿದ್ದರು.)

ಒಂದು ಗುರುವಾರ ರಾತ್ರಿ ಅಮ್ಮನ ಪತ್ರ ಕೈಗೆ ಸಿಕ್ಕಿತು. "ಮಗು ನನ್ನನ್ನೇ ಅಮ್ಮ ಅಂತ ಕರೀಲಿಕ್ಕೆ ಶುರು ಮಾಡಿದೆ. ನಿನ್ನ ಸ್ವರವಾದರೂ ಕಳಿಸು."

ಆಗೆಲ್ಲ ನಾವು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಆಸ್ಪತ್ರೆಯ ಕಿಚನ್ನಿನಲ್ಲಿದ್ದ ನಮ್ಮ ಊರಿನ ಹಮೀದಾಕ (ಹಮೀದ್ ಕಾಕ) ಮರುದಿನವೇ ರಜೆಗೆ ಹೊರಟಿದ್ದರು. ಶುಕ್ರವಾರ ಅಲ್ಲಿ ವಾರದ ರಜೆ. ಅಂಗಡಿಗಳೆಲ್ಲ ಬಂದ್. ಖಾಲಿ ಕ್ಯಾಸೆಟ್ ಎಲ್ಲಿಂದ ತರಲಿ?

"ಎಂತ ಮಾರಾಯ್ತಿ, ಕೊಡ್ತೀಯಾ ಇಲ್ವಾ? ಬಸ್ಸು ನನ್ನ ಮಾವನದ್ದಲ್ಲ, ಕಾಯುದಿಲ್ಲ," ಅಂದರು ಬೆಳಿಗ್ಗೆ ಹಮೀದಾಕ.

ಎಕ್ಸ್‌ರೇ ಮಷಿನ್ ಕೂರಿಸಲು ಜಪಾನಿನಿಂದ ಬಂದಿದ್ದ ತನಾಕಾ ಅಲ್ಲೇ ಇದ್ದ. (ಅವನಿಗೆ ಶುಕ್ರವಾರವೂ ಡ್ಯೂಟಿಯೇ.) ಅವನ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್. ಅದರಲ್ಲಿ ನಾಲ್ವರು ಗಂಡಸರು ದನಿ ಸೇರಿಸಿ ಹಾಡುತ್ತಿದ್ದರು. ಸ್ಪ್ಯಾನಿಷ್ ಥರದ ಗಿಟಾರ್, ಹಿಂದಿನಿಂದ ಮಗುವಿನ ಗಿಲಕಿಯಂಥ ಗಲಗಲ. ಅದನ್ನೇ ದಿನವಿಡೀ ಕೇಳುತ್ತಿದ್ದ. ಅರ್ಥ ಕೇಳಿದಾಗ, "ಓಲ್ಡ್ ಟೌನ್, ಓಲ್ಡ್ ಲವ್. ನೌ ಫಿನಿಶ್," ಅಂದಿದ್ದ.

ನನ್ನ ಮುಖ ನೋಡಿ ಏನಾಯಿತೆಂದು ಕೇಳಿದ. "ಬೇಬಿ" ಅಂದೆ, "ಕ್ಯಾಸೆಟ್" ಅಂದೆ. ಸಾಕಾಯಿತು. ತನ್ನ ಕ್ಯಾಸೆಟ್ ಹೊರತೆಗೆದು, ಮೇಲಿನ ತೂತಿಗೆ ಕಾಗದದ ಉಂಡೆ ತುರುಕಿ (ಇಲ್ಲದಿದ್ದರೆ ರೆಕಾರ್ಡ್ ಆಗುವುದಿಲ್ಲ) ನನ್ನ ಕೈಗಿಟ್ಟ.

"ಯುವರ್ ಸಾಂಗ್?" ಅಂದೆ.

"ಮೈ ಇಯರ್ ರೆಮೆಂಬರ್. ಬೇಬಿ ಇಯರ್, ನೋ ರೆಮೆಂಬರ್. ಯಲ್ಲಾ." (ಅರಬಿಯಲ್ಲಿ ಬೇಗ, ನಡಿ ಅಂತ.)

ಬೆಡ್‌ಶೀಟ್ ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, "ಪುಟ್ಟಿ, ನಾನು ಅಮ್ಮ" ಅಂತ ಶುರು ಮಾಡಿದೆ. ಹತ್ತೇ ನಿಮಿಷ. ಸ್ಟಾಪ್ ಒತ್ತಿದೆ. ಮುಂದಿನ ಹಾಡು ಅಳಿಯದೆ ಉಳಿಯಿತು.

ತನಾಕಾ ಮುಂದಿನ ಒಂದು ವಾರ ಹಾಡಿಲ್ಲದೆ ಕೆಲಸ ಮಾಡಿ ಹೊರಟುಹೋದ. ಶನಿವಾರ ಅಂಗಡಿ ತೆರೆದ ಕೂಡಲೇ ಅವನಿಗಾಗಿ ಅಂಥದ್ದೇ ಕ್ಯಾಸೆಟ್ ಹುಡುಕಿದ್ದೆ. ಅಭಾದಲ್ಲಿ ಎಲ್ಲಿ ಸಿಗಬೇಕು?

ಎರಡು ವರ್ಷದ ನಂತರ ಊರಿಗೆ ಬಂದೆ. ಮಗಳು ನನ್ನನ್ನು ಕಂಡದ್ದೇ ಅಮ್ಮನ ಸೆರಗಿನ ಹಿಂದೆ ಅಡಗಿದಳು.

"ಕ್ಯಾಸೆಟ್ಟಿನ ಅಮ್ಮ ಇವಳೇ, ಹತ್ತಿರ ಹೋಗು," ಅಂದರು ಅಮ್ಮ. ಅವಳು ಅಲ್ಲಾಡಲಿಲ್ಲ. ಕ್ಯಾಸೆಟ್ಟಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದೆ. ಊಹೂಂ.

"ಆ ಗಂಡಸರು ಹಾಡುವ ತನಕ ನಿನ್ನ ಮಾತನ್ನು ಸಹಿಸಿಕೊಳ್ತಾಳೆ ಅಷ್ಟೆ. ನಿದ್ದೆ ಬರುದು ಅವರ ಹಾಡಿಗೆ," ಅಂದರು ಅಮ್ಮ.

ಉರಿಯಿತು. ಆದರೆ ಬೇರೆ ದಾರಿ ಇತ್ತೇ? ಆ ರಾಗವನ್ನು ನೆನಪಾದಷ್ಟು ಗುನುಗಿದೆ. ಸೆರಗಿನಾಚೆಯಿಂದ ಒಂದು ಕಣ್ಣು ಬಂತು. ಆಮೇಲೆ ಒಂದು ಕಾಲು. ಆಮೇಲೆ ಪೂರ್ತಿ ಹುಡುಗಿ ಬಂದು ನನ್ನ ಮಡಿಲಲ್ಲಿ ಕೂತಳು.

ಮೊನ್ನೆ ಮಗಳಿಗೆ ಇದನ್ನೆಲ್ಲ ಹೇಳಿದೆ. ಮೀನಿನ ಕೈಯಲ್ಲೇ ನಿಂತು ಕೇಳಿದಳು. ಕೊನೆಗೆ, "ಅವನಿಗೆ ಥ್ಯಾಂಕ್ಸ್ ಹೇಳಿದ್ಯಾ?" ಅಂದಳು.

ಹಮೀದಾಕನ ಬಸ್ಸು ಬಿಡುತ್ತದೆಂದು ಕ್ಯಾಸೆಟ್ ಹಿಡಿದು ಓಡಿದ್ದು ಮಾತ್ರ ನೆನಪಿದೆ.